ತಿಂಗಳಿಗೆ ಸಾವಿರ ರೂಪಾಯಿಯ ಮ್ಯಾಜಿಕ್

ನಮ್ಮಪ್ಪನಿಗೆ ಇವತ್ತಿಗೂ ಇದು ಇಸ್ಪೀಟೇ. "ಕಾಸು ಕಟ್ಟಿ ಆಡ್ತೀರೇನೋ?" ಅಂತ ಒಮ್ಮೆ ಕೇಳಿದರು. ಇಲ್ಲಪ್ಪ ಅಂದೆ. "ಮತ್ತೆ ಸಂಬಳ ಎಲ್ಲಿಗೆ ಹೋಗ್ತಿದೆ?" ಅಂದರು. ಬಾಯಿ ಕಟ್ಟಿತು.

ನಾನು ಆಡುವುದು 'ಮ್ಯಾಜಿಕ್: ದ ಗ್ಯಾದರಿಂಗ್'. ಗಣಿತ ಓದಿದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಬಂತು. ಇಬ್ಬರು ಮಂತ್ರವಾದಿಗಳ ಕಾಳಗ ಅಂದುಕೊಳ್ಳಿ. ತಲಾ 20 ಜೀವ. 60 ಕಾರ್ಡಿನ ಡೆಕ್ಕನ್ನು ನಾವೇ ಕಟ್ಟಿಕೊಳ್ಳಬೇಕು. ಕಾಲೇಜಿನಲ್ಲಿ ಹಾಸ್ಟೆಲ್ ಗೆಳೆಯನೊಬ್ಬ ಹಿಡಿಸಿದ ಹುಚ್ಚು, ನಮ್ಮ ತುಮಕೂರಿನ ವಸಂತನರಸಾಪುರದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಜಾಸ್ತಿಯೇ ಆಯಿತು. ಒಳಗೆ ಯಾವ ಕಾರ್ಡಿದೆ ಅಂತ ಒಡೆಯುವವರೆಗೆ ಗೊತ್ತಾಗದ ಪ್ಯಾಕಿಗೆ ಆಗ 300 ರೂಪಾಯಿಯ ಆಸುಪಾಸು ಕೊಡುತ್ತಿದ್ದೆ. ಈಗ 500 ದಾಟಿದೆ.

ಅಪ್ಪ ಮಂಡಿಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. ಮಾತು ಬೆಳೆಸಲಿಲ್ಲ, ಬರೆಯದೇ ಉಳಿದಿದ್ದ ಒಂದು ಕೆಂಪು ಲೆಕ್ಕದ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಫೋನಿನಲ್ಲಿದ್ದ ಪಾವತಿಗಳನ್ನೆಲ್ಲ ನೋಡಿ ಮೂರು ತಿಂಗಳ ಲೆಕ್ಕ ಬರೆದೆ. ಒಟ್ಟು 11,400. ಅದರಲ್ಲಿ 9,000 ಬರೀ ಪ್ಯಾಕಿಗೆ. ಆ ಪ್ಯಾಕುಗಳಿಂದ ಬಂದು ನನ್ನ ಡೆಕ್ಕಿನೊಳಗೆ ಸೇರಿದ ಕಾರ್ಡು ಎಷ್ಟು ಅಂತ ಎಣಿಸಿದೆ. ಏಳು.

ಏಳು ಕಾರ್ಡಿಗೆ ಒಂಬತ್ತು ಸಾವಿರ. ಆವತ್ತು ರಾತ್ರಿ ಊಟ ಸರಿಯಾಗಿ ಸೇರಲಿಲ್ಲ.

ಪ್ಯಾಕಿನ ಲೆಕ್ಕವೇ ಹಾಗೆ. 'ಪ್ಲೇ ಬೂಸ್ಟರ್' ಅನ್ನುವ ಈಗಿನ ಪ್ಯಾಕಿನಲ್ಲಿ ಆಡುವ ಕಾರ್ಡು 14. ಒಂದಾದರೂ ರೇರ್ ಅಥವಾ ಅದಕ್ಕಿಂತಲೂ ಅಪರೂಪದ ಮಿಥಿಕ್ ಗ್ಯಾರಂಟಿ. ಉಳಿದವು ಹೆಚ್ಚಾಗಿ ಕಾಮನ್, ಅನ್‌ಕಾಮನ್. ಕಾರ್ಡಿನ ಬಲಗಡೆಯ ಪುಟ್ಟ ಚಿಹ್ನೆಯ ಬಣ್ಣ ನೋಡಿದರೆ ಗೊತ್ತಾಗುತ್ತದೆ: ಕಪ್ಪು ಕಾಮನ್, ಬೆಳ್ಳಿ ಅನ್‌ಕಾಮನ್, ಚಿನ್ನದ ಬಣ್ಣ ರೇರ್, ಕೇಸರಿ ಮಿಥಿಕ್. ರೇರ್ ಬರುವುದು ಖಂಡಿತ, ನಮಗೆ ಬೇಕಾದ ರೇರ್ ಬರುವುದು ಮಾತ್ರ ನಮ್ಮ ಹಣೆಬರಹ. ಬೆಲೆ ಡಾಲರಿನಲ್ಲಿ. ಅದರ ಮೇಲೆ ಸಾಗಣೆ, ಸುಂಕ. ಈಚೆಗೆ ಬೇರೆ ಗೇಮು, ಸಿನಿಮಾಗಳ ಪಾತ್ರಗಳನ್ನು ಹಾಕಿ ಬರುವ ಸೆಟ್ಟುಗಳು, ಅಂದರೆ ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಗುಂಪುಗಳು, ಇನ್ನೂ ದುಬಾರಿ. 2025ರ 'ಫೈನಲ್ ಫ್ಯಾಂಟಸಿ' ಸೆಟ್ಟಿನ ಪ್ಯಾಕಿಗೆ ಕಂಪನಿಯೇ ಹೇಳಿದ ಬೆಲೆ 6.99 ಡಾಲರ್. ಆ ವರ್ಷದ ಮಾಮೂಲಿ ಸೆಟ್ಟಿಗೆ 5.49.

ಅದೇ ಪುಸ್ತಕದ ಮೊದಲ ಪುಟದಲ್ಲಿ ಬರೆದೆ: ತಿಂಗಳಿಗೆ 1,000, ಪ್ಯಾಕು ಬಂದ್.

ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಳ್ಳಲು ಶುರು ಮಾಡಿದ ಮೇಲೆ ಬೆಲೆಯ ಗುಟ್ಟು ತಿಳಿಯಿತು. ಕಾರ್ಡಿನ ಶಕ್ತಿಗೂ ಬೆಲೆಗೂ ಅಂಥ ನಂಟಿಲ್ಲ. 'ಲೈಟ್ನಿಂಗ್ ಬೋಲ್ಟ್' ನೋಡಿ. ಒಂದೇ ಮಾನಾ (ಕಾರ್ಡು ಆಡಲು ತೆರಬೇಕಾದ ಮಂತ್ರಶಕ್ತಿ) ಖರ್ಚಿಗೆ ಎದುರಾಳಿಯ ಮೂರು ಜೀವ ತೆಗೆಯುವ ಕಾರ್ಡು. 1993ರ ಮೊದಲ ಸೆಟ್ಟಿನಿಂದ ಇದೆ, ಇವತ್ತಿಗೂ ಜೋರು. ಆದರೆ ಮತ್ತೆ ಮತ್ತೆ ಅಚ್ಚಾಗಿದೆ. ಹಾಗಾಗಿ ನನಗೆ ನೂರು ರೂಪಾಯಿಯ ಒಳಗೇ ಸಿಕ್ಕಿತು. ಅದೇ 'ರಿಸ್ಟಿಕ್ ಸ್ಟಡಿ' 2000ನೇ ಇಸವಿಯಲ್ಲಿ ಬಂದಾಗ ಬರೀ ಕಾಮನ್. ಆಮೇಲೆ ನೂರು ಕಾರ್ಡಿನ ಡೆಕ್ಕಿನಲ್ಲಿ ಆಡುವ ಕಮಾಂಡರ್ ಅನ್ನುವ ಬಗೆ ಹಬ್ಬಿತು, ಎಲ್ಲರಿಗೂ ಅದೇ ಬೇಕಾಯಿತು, ಬೆಲೆ ಸಾವಿರಗಳಿಗೆ ಏರಿತು. ಇನ್ನು 'ಬ್ಲ್ಯಾಕ್ ಲೋಟಸ್'ನಂಥವು ರಿಸರ್ವ್ಡ್ ಲಿಸ್ಟಿನಲ್ಲಿವೆ. ಇವನ್ನು ಇನ್ನು ಅಚ್ಚು ಹಾಕಲ್ಲ ಅಂತ ಕಂಪನಿ 1996ರಲ್ಲೇ ಮಾತು ಕೊಟ್ಟಿದೆ. ಅವು ಜಮೀನಿನ ಹಾಗೆ, ಇದ್ದಷ್ಟೇ.

ನಾನು ಹಿಡಿದ ದಾರಿ ಪಾಪರ್ ಅನ್ನುವ ಇನ್ನೊಂದು ಬಗೆ. ಹೆಸರಿನ ಅರ್ಥ ಬಡವ ಅಂತ. ಎಂದಾದರೂ ಒಮ್ಮೆ ಕಾಮನ್ ಆಗಿ ಅಚ್ಚಾದ ಕಾರ್ಡುಗಳಿಗೆ ಮಾತ್ರ ಇಲ್ಲಿ ಜಾಗ. 2019ರಿಂದ ಆನ್‌ಲೈನಿನಲ್ಲಷ್ಟೇ ಅಲ್ಲ, ಕಾಗದದ ಕಾರ್ಡಿನ ಆಟದಲ್ಲೂ ಕಂಪನಿಯ ಒಪ್ಪಿಗೆ ಇದೆ. ಕೆಂಪು ಬಣ್ಣದ ಕಾರ್ಡುಗಳ ನನ್ನ ಪೂರ್ತಿ ಡೆಕ್ಕಿಗೆ 2,200 ಆಯಿತು, ಮೂರು ತಿಂಗಳಲ್ಲಿ ಕೂಡಿಸಿದೆ. ಬಡವರ ಆಟ ಅಂತ ಸುಮ್ನೆ ನಗಬೇಡಿ. ಕಮಾಂಡರಿಗಿಂತ ಇದರಲ್ಲೇ ತಲೆ ಜಾಸ್ತಿ ಓಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೂಲೆ ಸವೆದ ಕಾರ್ಡಾದರೆ ಇನ್ನೂ ಅಗ್ಗ. ಸ್ಲೀವಿನೊಳಗೆ, ಅಂದರೆ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ, ಹೋದ ಮೇಲೆ ಯಾರಿಗೆ ಕಾಣುತ್ತದೆ?

ಆದರೆ ಅಗ್ಗ ಅಂತ ಒಮ್ಮೆ ಬಿದ್ದೆ. ಆನ್‌ಲೈನಿನಲ್ಲಿ ಒಬ್ಬರು 3,000ದ ಕಾರ್ಡನ್ನು 1,200ಕ್ಕೆ ಕೊಡುತ್ತೇನೆ ಅಂದರು. ಬಂದ ಕಾರ್ಡು ಕೈಗೆ ಯಾಕೋ ನುಣ್ಣಗೆ ಅನ್ನಿಸಿತು. ಅಸಲಿ ಕಾರ್ಡಿನ ಹಿಂಬದಿಯಲ್ಲಿ ಐದು ಬಣ್ಣದ ಚುಕ್ಕೆಗಳಿರುತ್ತವೆ. ಹಸಿರು ಚುಕ್ಕೆಯೊಳಗೆ, ಭೂತಗನ್ನಡಿ ಹಿಡಿದು ನೋಡಿದರೆ, ನಾಲ್ಕು ಕೆಂಪು ಬಿಂದುಗಳು ಇಂಗ್ಲಿಷಿನ 'ಎಲ್' ಅಕ್ಷರದ ಹಾಗೆ ಕೂತಿರುತ್ತವೆ. ನನ್ನ ಹತ್ತಿರ ಎಲ್ಲಿಯ ಭೂತಗನ್ನಡಿ? ಚಿಕ್ಕಪೇಟೆಯಲ್ಲಿ ಅಮ್ಮನ ಓಲೆ ರಿಪೇರಿ ಮಾಡುವ ಆಚಾರ್ರ ಬಳಿ ಹೋದೆ. ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಕೊಟ್ಟು, "ಕಾಗದಕ್ಕೂ ಒರೆ ಹಚ್ಚೋ ಕಾಲ ಬಂತಾ?" ಅಂತ ನಕ್ಕರು. ಅಸಲಿ ಕಾರ್ಡಿನಲ್ಲಿ 'ಎಲ್' ಇತ್ತು. 1,200ರದ್ದರಲ್ಲಿ ಬರೀ ಮಸುಕು. ದುಡ್ಡು ವಾಪಸ್ ಬರಲಿಲ್ಲ. ಈಗ 150 ರೂಪಾಯಿಯ ಮಸೂರವೊಂದು ಬ್ಯಾಗಿನಲ್ಲೇ ಇರುತ್ತದೆ.

ದುಬಾರಿ ಕಾರ್ಡು ನನಗೆ ನಿಜಕ್ಕೂ ಬೇಕಾ ಅಂತ ನೋಡಲು ಜೆರಾಕ್ಸ್ ಅಂಗಡಿ ಇದೆ. ಕಾರ್ಡಿನ ಅಳತೆ 63 ಮಿಲಿಮೀಟರಿಗೆ 88. ಒಂದು ಎ4 ಹಾಳೆಯಲ್ಲಿ ಒಂಬತ್ತು ಹಿಡಿಸುತ್ತವೆ. ಕತ್ತರಿಸಿ, ಸ್ಲೀವಿನಲ್ಲಿ ಮಾನಾ ಕೊಡುವ ಹಳೇ ಲ್ಯಾಂಡ್ ಕಾರ್ಡಿನ ಮುಂದೆ ತೂರಿಸಿದರೆ ಆಯಿತು. ಅಧಿಕೃತ ಟೂರ್ನಮೆಂಟಿನಲ್ಲಿ ನಡೆಯಲ್ಲ, ಮಾರುವ ಮಾತಂತೂ ಬೇಡವೇ ಬೇಡ. ಮನೆಯಲ್ಲಿ ಎದುರಿನವರಿಗೆ ಮೊದಲೇ ಹೇಳಿ ಆಡುತ್ತೇನೆ. ಹೀಗೆ ಆಡಿ ನೋಡಿದ ಹತ್ತರಲ್ಲಿ ಎಂಟು ಕಾರ್ಡು ಬೇಡ ಅನ್ನಿಸಿದವು.

ನಮ್ಮ ಗುಂಪಿಗೆ ಎಲ್ಲಕ್ಕಿಂತ ಕೈ ಹಿಡಿದದ್ದು ಕ್ಯೂಬ್, ಅಂದರೆ ಮತ್ತೆ ಮತ್ತೆ ಆಡಲು ನಾವೇ ಆರಿಸಿಟ್ಟ ಕಾರ್ಡುಗಳ ಕಂತೆ. ತುಮಕೂರಿನಲ್ಲಿ ನಾವು ಆಡುವವರು ಐದಾರು ಜನ. ಎಲ್ಲರ ಮನೆಯಲ್ಲೂ ಶೂ ಡಬ್ಬಿಗಟ್ಟಲೆ ಕಾಮನ್ ಕಾರ್ಡು ಬಿದ್ದಿದ್ದವು. ಮಾರಿದರೆ ತೂಕದ ಬೆಲೆಯೂ ಬರಲ್ಲ. ಒಂದು ಭಾನುವಾರ ಎಲ್ಲವನ್ನೂ ಬಟವಾಡಿಯ ಗೆಳೆಯನ ಮನೆಯ ಹಾಲಿನಲ್ಲಿ ಸುರಿದೆವು. ಅವನ ತಾಯಿ ಬಾಗಿಲಲ್ಲೇ ನಿಂತು, "ಇದನ್ನ ಯಾರು ಗುಡಿಸ್ತೀರಿ?" ಅಂದರು. ಸಂಜೆಯವರೆಗೆ ಜಗಳವಾಡಿ 360 ಕಾರ್ಡು ಆರಿಸಿದೆವು. ಒಂದರಂತೆ ಇನ್ನೊಂದಿಲ್ಲ. ಎಂಟು ಜನ ಕೂತರೂ ಸಾಲುವ ಲೆಕ್ಕ ಇದು: ಒಬ್ಬರಿಗೆ ಮೂರು ಕಟ್ಟು, ಕಟ್ಟಿಗೆ 15, ಅಲ್ಲಿಗೆ 360. ಕಟ್ಟಿನಿಂದ ಒಂದು ಕಾರ್ಡು ಆರಿಸಿ ಉಳಿದದ್ದನ್ನು ಪಕ್ಕದವರಿಗೆ ದಾಟಿಸುವುದು. ಕೊನೆಗೆ ಕೈಗೆ ಬಂದದ್ದರಲ್ಲಿ 40 ಕಾರ್ಡಿನ ಡೆಕ್ ಕಟ್ಟಿ ಆಡುವುದು. ನಾಲ್ಕೇ ಜನ ಸೇರಿದರೆ 180 ಸಾಕು, ಹಾಗಾಗಿ ಪ್ರತಿ ಸಲ ಬೇರೆ ಆಟ. ಪ್ಯಾಕ್ ಒಡೆಯುವಾಗ ಎದೆ ಡವಗುಟ್ಟುತ್ತಿತ್ತಲ್ಲ, ಅದು ಇಲ್ಲೂ ಸಿಗುತ್ತದೆ, ಪುಕ್ಕಟೆ. ಆಟ ಮುಗಿದ ಮೇಲೆ ಎಲ್ಲ ಮತ್ತೆ ಡಬ್ಬಿಗೆ.

ಕ್ಯೂಬಿಗೆ ನಿಜವಾಗಿ ಖರ್ಚಾದದ್ದು ಸ್ಲೀವಿಗೆ. ತಲಾ 250 ಚೀಟಿ ದುಡ್ಡಿನ ಹಾಗೆ ಎತ್ತಿದೆವು. ಇಬ್ಬರು ಇನ್ನೂ ಕೊಟ್ಟಿಲ್ಲ. ಅವರಿಗೆ ಗೊತ್ತು.

ಮಾರುವುದರಲ್ಲಿ ನಾನು ದಡ್ಡ. ನನ್ನಲ್ಲಿದ್ದ ಒಂದು ರೇರ್ ಕಾರ್ಡಿಗೆ ಬೆಂಗಳೂರಿನವರೊಬ್ಬರು 2,800 ಕೊಡುತ್ತೇನೆ ಅಂದಾಗ ಇನ್ನೂ ಏರಲಿ ಅಂತ ಕಾದೆ. ಆರು ತಿಂಗಳಲ್ಲಿ ಹೊಸ ಸೆಟ್ಟಿನಲ್ಲಿ ಅದೇ ಕಾರ್ಡು ಮತ್ತೆ ಅಚ್ಚಾಯಿತು. ಕೊನೆಗೆ 900ಕ್ಕೆ ಕೊಟ್ಟೆ. ಈಗ ಡೆಕ್ಕಿನಲ್ಲಿ ಜಾಗವಿಲ್ಲದ ಕಾರ್ಡಿಗೆ ಒಳ್ಳೆ ಬೆಲೆ ಬಂದ ದಿನವೇ ಕೊಟ್ಟುಬಿಡುತ್ತೇನೆ. ಆ ದುಡ್ಡು ಪುಸ್ತಕದ ಜಮಾ ಕಡೆಗೆ ಹೋಗುತ್ತದೆ.

ವರ್ಷದಲ್ಲಿ ಎರಡು ಪ್ಯಾಕು ಮಾತ್ರ ಒಡೆಯುತ್ತೇನೆ, ಯುಗಾದಿಗೊಂದು, ದೀಪಾವಳಿಗೊಂದು. ಅದನ್ನು ಕಾರ್ಡಿನ ಲೆಕ್ಕಕ್ಕೆ ಬರೆಯುವುದಿಲ್ಲ, ಪಟಾಕಿ ಲೆಕ್ಕಕ್ಕೆ ಬರೆಯುತ್ತೇನೆ.

ಕಳೆದ ತಿಂಗಳು ಪುಸ್ತಕದಲ್ಲಿ ಬಿಡಿ ಕಾರ್ಡು 520, ಸ್ಲೀವ್ 180, ಉಳಿಕೆ 300 ಅಂತ ಬರೆದಿದ್ದೆ. ಅಪ್ಪ ಕನ್ನಡಕ ಏರಿಸಿ ನೋಡಿದರು. "ಕಾರ್ಡು ತರೋಕೆ ಬೆಂಗಳೂರಿಗೆ ಹೋಗಿದ್ಯಲ್ಲ, ಬಸ್ ಚಾರ್ಜು ಎಲ್ಲಿ? ಬರ್ತಾ ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದ್ಯಲ್ಲ, ಅದು ಎಲ್ಲಿ?" ಇಡ್ಲಿ ಹೇಗಿದ್ದರೂ ತಿನ್ನುತ್ತಿದ್ದೆ ಅಂತ ವಾದ ಮಾಡಿದೆ. ಬಸ್ ಚಾರ್ಜು ಬರೆಸಿದರು. ಇಡ್ಲಿಯದ್ದು ಇನ್ನೂ ತೀರ್ಮಾನವಾಗಿಲ್ಲ.