ಹಿತ್ತಲಲ್ಲಿ ಮೊದಲು ಬಿಸಿಲು ನೋಡಿ, ಆಮೇಲೆ ಬೀಜ ತನ್ನಿ

ನಮ್ಮದು ಮೈಸೂರಿನ ಬಡಾವಣೆಯೊಂದರಲ್ಲಿ ದಕ್ಷಿಣಕ್ಕೆ ಬಾಗಿಲಿರುವ ಎರಡು ಅಂತಸ್ತಿನ ಮನೆ. ಹಿತ್ತಲು ಉತ್ತರಕ್ಕಿದೆ. 12 ಅಡಿ ಅಗಲ, 30 ಅಡಿ ಉದ್ದ. ಕಳೆದ ಮುಂಗಾರಿನಲ್ಲಿ ಅಲ್ಲಿ ಮೊದಲ ಸಲ ತರಕಾರಿ ಹಾಕಿದೆವು. ಮಣ್ಣಿನ ಕೆಲಸ ಅತ್ತೆಯವರಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರೋದು ಹೊಲ. ಹೊಲದಲ್ಲಿ ಮನೆಯ ನೆರಳು ಬೀಳಲ್ಲ ಅಲ್ವಾ?

ಈ ನೆರಳಿನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಹಾಗಾಗಿ ಮೋಡ ಇಲ್ಲದ ದಿನ ಉತ್ತರದ ಹಿತ್ತಲಿಗೂ ಬೇಕಾದಷ್ಟು ಬಿಸಿಲು. ಆಗಸ್ಟ್ ಮುಗಿಯೋ ಹೊತ್ತಿಗೆ ದಕ್ಷಿಣಕ್ಕೆ ವಾಲೋಕೆ ಶುರು. ಸೆಪ್ಟೆಂಬರ್ ಕೊನೆಯಲ್ಲಿ 20 ಅಡಿ ಎತ್ತರದ ಮನೆಯ ನೆರಳು ನಡು ಮಧ್ಯಾಹ್ನ ಸುಮಾರು ಐದು ಅಡಿ ಇದ್ದರೆ, ಡಿಸೆಂಬರ್‌ನಲ್ಲಿ 14 ಅಡಿ. ಅಂದರೆ ನಮ್ಮ ಇಡೀ ಹಿತ್ತಲು. ಕಾಯಿ ಬಿಡೋ ಗಿಡಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಅದು ನಮಗೆ ಸಿಗೋದು ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಅದಕ್ಕೇ ಹೀರೆ, ಬೆಂಡೆ ಮನೆಯಿಂದ ದೂರ, ಕಾಂಪೌಂಡ್ ಪಕ್ಕ. ಸೊಪ್ಪು ಗೋಡೆ ಪಕ್ಕ.

ಮಣ್ಣು ಅಂತ ಇದ್ದದ್ದು ಪಾಯ ತೋಡಿದಾಗ ಎತ್ತಿ ಹಾಕಿದ್ದು. ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಉಂಡೆ, ಮೊಳೆ. ಸಿಮೆಂಟ್ ಇದ್ದಲ್ಲಿ ಮಣ್ಣು ಕ್ಷಾರ ಆಗುತ್ತೆ. ಒಂದಡಿ ಅಗೆದು ತೆಗೆದು, ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದೆವು. ಗೊಬ್ಬರ ಬಂದ ದಿನ ಅತ್ತೆ ಒಂದು ಹಿಡಿ ತೆಗೆದು ನನ್ನ ಮೂಗಿಗೆ ಹಿಡಿದರು: "ಸಗಣಿ ವಾಸನೆ ಬರ್ತಿದ್ಯಾ ನೋಡಮ್ಮ. ಬಂದ್ರೆ ಇನ್ನೂ ಕಳಿತಿಲ್ಲ ಅಂತ, ವಾಪಸ್ ಕಳಿಸು." ಸರಿಯಾಗಿ ಕಳಿತ ಗೊಬ್ಬರಕ್ಕೆ ಮಣ್ಣಿನ ವಾಸನೆ. ಹಸಿ ಗೊಬ್ಬರ ಹಾಕಿದರೆ ಗೆದ್ದಲು, ಗೊಣ್ಣೆಹುಳು ಗ್ಯಾರಂಟಿ. ಬೇವಿನ ಹಿಂಡಿ ಗುಣಿಗೊಂದು ಹಿಡಿ ಹಾಕಿದೆವು. ದುಡ್ಡು ಉಳೀತಾ ಅಂತ ಮಾತ್ರ ಕೇಳಬೇಡಿ, ಮೊದಲ ವರ್ಷದ ಲೆಕ್ಕವೆಲ್ಲ ಈ ಮಣ್ಣಿಗೇ ಹೋಯಿತು.

ಬೆಂಡೆಗೆ ಅರ್ಕಾ ಅನಾಮಿಕಾ ತಂದೆವು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹಳದಿ ನಂಜು ರೋಗ ತಡೆಯಲೆಂದೇ ಬೆಳೆಸಿದ ತಳಿ ಅದು. ರಾತ್ರಿ ನೆನೆಸಿ ಬೆಳಿಗ್ಗೆ ಒಂದಡಿಗೊಂದರಂತೆ ಊರಿದ್ದು. ಎಲ್ಲರೂ ನಾಲ್ಕೈದು ಗಿಡ ಸಾಕು ಅನ್ನುತ್ತಾರೆ. ಸಾಲಲ್ಲ. ದಿನಾ ಎರಡು ಕಾಯಿ ಸಿಕ್ಕರೆ ಯಾವ ಪಲ್ಯ ಆಗುತ್ತೆ? ಐದು ಜನರ ಮನೆಗೆ ಹದಿನೈದು ಗಿಡವಾದರೂ ಬೇಕು. ಹೂವಾಗಿ ಐದಾರು ದಿನದಲ್ಲೇ ಕೊಯ್ಯಬೇಕು, ತುದಿ ಬಗ್ಗಿಸಿದರೆ ಪಟಕ್ ಅಂತ ಮುರೀಬೇಕು. ಆಷಾಢದ ಗಾಳಿಗೆ ಮುಂಚೆಯೇ ಪ್ರತಿ ಗಿಡಕ್ಕೂ ಕೋಲು ಕಟ್ಟಿಬಿಡಿ.

ನನ್ನ ಮೆಚ್ಚಿನದು ಹೀರೆ. ಸರ್ವೆ ಕಂಬ ನೆಟ್ಟು, ಹಗ್ಗ ಎಳೆದು ನಮ್ಮವರು ಚಪ್ಪರ ಮಾಡಿಕೊಟ್ಟರು. ಮೊದಲು ಬರೋದೆಲ್ಲ ಗಂಡು ಹೂವು, ಗೊಂಚಲು ಗೊಂಚಲಾಗಿ. ಕಾಯಿ ಕಚ್ಚಲಿಲ್ಲ ಅಂತ ಗಾಬರಿ ಬೇಡ. ಹೆಣ್ಣು ಹೂವು ಆಮೇಲೆ, ಒಂಟಿಯಾಗಿ ಬರುತ್ತೆ, ಅದರ ಹಿಂದೆ ಗೆರೆ ಮೂಡಿದ ಪುಟ್ಟ ಹೀರೆಕಾಯಿ ಆಗಲೇ ಇರುತ್ತೆ. ಹೀರೆ ಹೂವು ಅರಳೋದು ಸಂಜೆ. ಆ ಹೊತ್ತಿಗೆ ನಮ್ಮ ಬಡಾವಣೆಯಲ್ಲಿ ಜೇನು ಕಾಣಲ್ಲ. ಹಾಗಾಗಿ ಸ್ಕೂಲಿಂದ ಬಂದ ಮಕ್ಕಳಿಗೆ ಅದೇ ಕೆಲಸ: ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರೋದು. ಸವರದೆ ಬಿಟ್ಟವು ಹೆಚ್ಚಿನವು ಹಳದಿಯಾಗಿ ಉದುರಿದವು. ಕಾಯಿ ಕಚ್ಚಿದ ಮೇಲೆ ಹಣ್ಣು ನೊಣದ ಕಾಟ. ಎಳೆ ಕಾಯಿಗೆ ಕಾಗದದ ಕೊಟ್ಟೆ ಕಟ್ಟಿದೆವು. ಚುಚ್ಚಿಸಿಕೊಂಡ ಕಾಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಒಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತೆ. ಬಕೆಟ್ ನೀರಲ್ಲಿ ಮುಳುಗಿಸಿಡಿ. ಇನ್ನೊಂದು, ಅಡುಗೆಗೆ ಮುಂಚೆ ತುಣುಕು ನಾಲಿಗೆಗೆ ತಾಗಿಸಿ ನೋಡಿ. ಕಹಿ ಇದ್ದರೆ ಎಸೆದುಬಿಡಿ, ಆ ಕಹಿ ಹೊಟ್ಟೆಗೆ ಒಳ್ಳೆಯದಲ್ಲ.

ಸೊಪ್ಪು ಮಾತ್ರ ಯಾರ ಕೈಗಾದರೂ ಬರುತ್ತೆ. ಹರಿವೆ ಬೀಜ ತೀರಾ ಸಣ್ಣ, ಮರಳಿನ ಜೊತೆ ಬೆರೆಸಿ ಎರಚಬೇಕು, ಸುತ್ತ ಬೂದಿ ಹಾಕದಿದ್ದರೆ ಇರುವೆ ಹೊತ್ತೊಯ್ಯುತ್ತೆ. ಕೊತ್ತಂಬರಿಯನ್ನು ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಒಂದೇ ದಿನ ಎಲ್ಲ ಬಿತ್ತಬೇಡಿ. ವಾರಕ್ಕೊಂದು ಸಣ್ಣ ಪಟ್ಟಿ ಬಿತ್ತುತ್ತಾ ಹೋದರೆ ವಾರಕ್ಕೊಂದು ಬಸ್ಸಾರಿಗೆ ಸರಿಯಾಗುತ್ತೆ, ಇಲ್ಲದಿದ್ದರೆ ಅಕ್ಕಪಕ್ಕದವರೂ ಸಾಕಪ್ಪ ಅನ್ನೋಷ್ಟು.

ಟೊಮೆಟೊ ಬಗ್ಗೆ ನನಗೆ ಒಳ್ಳೆ ಮಾತಿಲ್ಲ. ಬಿಳಿ ನೊಣ ಬಂತು, ಅದು ಹರಡೋ ನಂಜು ರೋಗಕ್ಕೆ ಹಿಂದೆಯೇ ಎಲೆ ಮುದುಡಿತು. ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಬೆರೆಯಲಿ ಅಂತ ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಸಂಜೆ ಹೊಡೆದೆವು. ನೊಣ ಕಡಿಮೆಯಾಯಿತು, ಆದರೆ ಒಮ್ಮೆ ಮುದುಡಿದ ಗಿಡ ಚೇತರಿಸಿಕೊಳ್ಳಲ್ಲ, ಅದನ್ನು ಬುಡಸಮೇತ ಕಿತ್ತು ಹಾಕೋದೇ ಸರಿ. ಮುಂದಿನ ಸಲ ಹಾಕೋದಾದರೆ ಅರ್ಕಾ ರಕ್ಷಕ್ ಅನ್ನೋ ತಳಿ ಹಾಕಬೇಕು, ಈ ರೋಗ ತಡೆಯೋ ಗುಣ ಅದಕ್ಕಿದೆ. ಅಲ್ಲಿವರೆಗೆ ಟೊಮೆಟೊ ಗಾಡಿಯವನ ಹತ್ತಿರವೇ ತಗೋತೀವಿ.

ದೀಪಾವಳಿಗೆ ಚಪ್ಪರ ಇಳಿಸಿದೆವು. ಈಗ ನೆರಳಿನ ಹಿತ್ತಲಲ್ಲಿ ಮೆಂತ್ಯ, ಕೊತ್ತಂಬರಿ, ಪುದೀನ. ಮೆಣಸಿನ ಕುಂಡಗಳೆಲ್ಲ ತಾರಸಿಗೆ ಹೋಗಿವೆ.