ಬ್ರಿಟನ್ನಿನಲ್ಲಿ ಇತಿಹಾಸ ಓದಲು ಹೊರಟ ಕೊಡಗಿನವರಿಗೆ

ಕೊಡಗಿನ ಕಾಗದಪತ್ರಗಳು 1834ರಿಂದ ಎರಡು ದೇಶಗಳಲ್ಲಿ ಹಂಚಿಹೋಗಿವೆ. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಕಂಪನಿ ಸರ್ಕಾರ ಪಟ್ಟದಿಂದ ಇಳಿಸಿದ ಮೇಲೆ ಇಲ್ಲಿನ ವರದಿಗಳ ನಕಲು ಕಲ್ಕತ್ತೆಗೆ ಹೋಯಿತು, ಅಲ್ಲಿಂದ ಇನ್ನೊಂದು ನಕಲು ಹಡಗು ಹತ್ತಿ ಲಂಡನ್ ಸೇರಿತು. ಅವು ಇಂದಿಗೂ ಅಲ್ಲೇ ಇವೆ. ಹಾಗಾಗಿ ಮಡಿಕೇರಿ, ವಿರಾಜಪೇಟೆ ಅಥವಾ ಗೋಣಿಕೊಪ್ಪದಲ್ಲಿ ಬಿಎ ಮುಗಿಸಿ ಬ್ರಿಟನ್ನಿಗೆ ಇತಿಹಾಸ ಓದಲು ಹೊರಟವರು ಬರಿಗೈಯಲ್ಲಿ ಹೋಗುವುದಿಲ್ಲ. ಅವರಿಗೆ ಕನ್ನಡ ಗೊತ್ತು, ಕೊಡವ ತಕ್ಕ್ ಅಥವಾ ಅರೆಭಾಷೆ ಗೊತ್ತು. ಜಮ್ಮಾ, ಬಾಣೆ, ಉಂಬಳಿ ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಇತಿಹಾಸ ವಿಭಾಗಗಳಲ್ಲಿ ಇದಕ್ಕೆ ದೊಡ್ಡ ಬೆಲೆ ಇದೆ. ಆದರೆ ಅರ್ಜಿಯಲ್ಲಿ ಇದನ್ನೆಲ್ಲ ಮುಚ್ಚಿಟ್ಟು "ವಿಶ್ವ ಇತಿಹಾಸದಲ್ಲಿ ಆಸಕ್ತಿ ಇದೆ" ಎಂದಷ್ಟೇ ಬರೆದರೆ ನಿಮ್ಮ ಅರ್ಜಿಗೂ ಉಳಿದವರದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಒಂದು ವರ್ಷದ ಎಂಎ ಹೇಗೆ ನಡೆಯುತ್ತದೆ

ನಮ್ಮಲ್ಲಿ ಎಂಎ ಎರಡು ವರ್ಷ, ಅಲ್ಲಿ ಪೂರ್ಣಾವಧಿಯಾದರೆ ಬಹುತೇಕ ಒಂದೇ ವರ್ಷ. ಸೆಪ್ಟೆಂಬರ್ ಕೊನೆಗೆ ಶುರುವಾಗಿ ಮುಂದಿನ ಆಗಸ್ಟ್ ಅಥವಾ ಸೆಪ್ಟೆಂಬರಿಗೆ ಮುಗಿಯುತ್ತದೆ. ಮೂರು ವರ್ಷದ ಭಾರತೀಯ ಪದವಿಯನ್ನು ಬ್ರಿಟನ್ನಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಒಪ್ಪುತ್ತವೆ. ಒಟ್ಟು 180 ಕ್ರೆಡಿಟ್. ಅದರಲ್ಲಿ 120 ತರಗತಿಯ ವಿಷಯಗಳಿಗೆ, 60 ಕೊನೆಗೆ ಬರೆಯುವ ದೀರ್ಘ ಪ್ರಬಂಧಕ್ಕೆ (ಡಿಸರ್ಟೇಶನ್) ಎಂಬುದು ರೂಢಿಯ ಹಂಚಿಕೆ. ಒಂದು ಕ್ರೆಡಿಟ್ ಎಂದರೆ ಹತ್ತು ಗಂಟೆಯ ಓದು ಎಂಬ ಲೆಕ್ಕ, ಅಂದರೆ ವರ್ಷಕ್ಕೆ 1,800 ಗಂಟೆ. ಇದರಲ್ಲಿ ತರಗತಿಯೊಳಗೆ ಕೂರುವುದು ವಾರಕ್ಕೆ ಆರೆಂಟು ಗಂಟೆ ಮಾತ್ರ. ವೇಳಾಪಟ್ಟಿ ಖಾಲಿ ಕಂಡಿತೆಂದು ಅಕ್ಟೋಬರಿನಲ್ಲೇ ಹೆಚ್ಚು ಹೊತ್ತಿನ ಕೆಲಸ ಹಿಡಿದವರು ಡಿಸೆಂಬರಿನಲ್ಲಿ ತರಗತಿಯ ಮೂರು ಪ್ರಬಂಧಗಳು ಒಟ್ಟಿಗೆ ಬಂದಾಗ ಸಿಕ್ಕಿಬೀಳುತ್ತಾರೆ. ವೀಸಾ ನಿಯಮದಂತೆ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ದಾಟುವಂತಿಲ್ಲ. ಇತಿಹಾಸ ಓದುವವರಿಗೆ ಹತ್ತು ಹನ್ನೆರಡು ಗಂಟೆಯೇ ಹೆಚ್ಚು ಎನ್ನುವುದು ನಮ್ಮ ಅಭಿಪ್ರಾಯ.

ಅಂಕದ ವಿಚಾರಕ್ಕೆ ಮೊದಲೇ ಮನಸ್ಸು ಸಿದ್ಧ ಮಾಡಿಕೊಳ್ಳಿ. ಎಂಎಯಲ್ಲಿ 50 ಬಂದರೆ ಪಾಸ್, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. 80 ದಾಟುವುದು ಅಪರೂಪ. ಪದವಿಯಲ್ಲಿ 85 ತೆಗೆದವರು ಮೊದಲ ಪ್ರಬಂಧಕ್ಕೆ 58 ಬಂದಾಗ ತಮಗೆ ಅನ್ಯಾಯವಾಯಿತೆಂದುಕೊಳ್ಳುತ್ತಾರೆ. ಅಲ್ಲಿ ಹೆಚ್ಚಾಗಿ ಹೆಸರಿಲ್ಲದೆ ಸಂಖ್ಯೆಯ ಮೇಲೆ ಮೌಲ್ಯಮಾಪನ ನಡೆಯುತ್ತದೆ, ಹೊರಗಿನ ವಿಶ್ವವಿದ್ಯಾಲಯದ ಪರೀಕ್ಷಕರೂ ನೋಡುತ್ತಾರೆ. 58 ಬರಲು ಬೇರೆಯೇ ಕಾರಣವಿದೆ. ನಮ್ಮ ಪರೀಕ್ಷೆಗಳಲ್ಲಿ "1837ರ ದಂಗೆಯ ಕಾರಣ ಮತ್ತು ಪರಿಣಾಮ ಬರೆಯಿರಿ" ಎಂದರೆ ಎಲ್ಲ ಕಾರಣಗಳನ್ನೂ ಪಟ್ಟಿ ಮಾಡಿದವರಿಗೆ ಪೂರ್ಣ ಅಂಕ. ಅಲ್ಲಿ ಪ್ರಶ್ನೆಗೆ ನಿಮ್ಮದೇ ಒಂದು ಉತ್ತರ ಇರಬೇಕು. ಕಂದಾಯವನ್ನು ಧಾನ್ಯದ ಬದಲು ನಗದಿನಲ್ಲಿ ಕೇಳಿದ್ದೇ ಮುಖ್ಯವೋ, ಹಾಲೇರಿ ಮನೆತನದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿಗಿದ್ದ ಸೆಳೆತ ಮುಖ್ಯವೋ? ಒಂದು ನಿಲುವು ತಳೆದು, ಅದಕ್ಕೆ ಆಧಾರ ಕೊಟ್ಟು, ಎದುರು ವಾದಕ್ಕೂ ಉತ್ತರಿಸಿದರೆ 65. ಘಟನೆಗಳನ್ನು ಚೆನ್ನಾಗಿ ನಿರೂಪಿಸಿ ನಿಲ್ಲಿಸಿದರೆ 55. ಮೊದಲ ಪ್ಯಾರಾದಲ್ಲೇ ನಿಮ್ಮ ವಾದವನ್ನು ಎರಡು ವಾಕ್ಯದಲ್ಲಿ ಬರೆದಿಡಿ. ಬರೆಯಲಾಗದಿದ್ದರೆ ವಾದ ಇನ್ನೂ ಹುಟ್ಟಿಲ್ಲ ಎಂದೇ ಅರ್ಥ.

ಸೆಮಿನಾರಿನಲ್ಲಿ ಸುಮ್ಮನೆ ಕೂರುವುದು ಅಲ್ಲಿ ವಿನಯವೆನಿಸುವುದಿಲ್ಲ, ಓದಿಕೊಂಡು ಬಂದಿಲ್ಲ ಎಂದು ತಿಳಿಯುತ್ತಾರೆ. ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುವುದು ರೂಢಿ. ನಮ್ಮ ನಾಲಿಗೆ ಒಪ್ಪದಿದ್ದರೆ ಇಮೇಲಿನಲ್ಲಿ "ಡಾಕ್ಟರ್" ಸೇರಿಸಿ ಬರೆದರೂ ಯಾರೂ ತಪ್ಪು ತಿಳಿಯುವುದಿಲ್ಲ. ಇನ್ನೊಬ್ಬರ ಮಾತನ್ನು ಅಡಿಟಿಪ್ಪಣಿಯಿಲ್ಲದೆ ಬಳಸಿದರೆ ಮಾತ್ರ ಕ್ಷಮೆ ಇಲ್ಲ. ಪ್ರಬಂಧ ಒಪ್ಪಿಸುವಾಗಲೇ ಟರ್ನಿಟಿನ್ ಎಂಬ ತಂತ್ರಾಂಶ ಅದನ್ನು ಹಿಡಿಯುತ್ತದೆ. ಕನ್ನಡ ಪುಸ್ತಕದಿಂದ ಅನುವಾದಿಸಿ ಹೇಳದೆ ಬಳಸಿದರೂ ಅದು ಕೃತಿಚೌರ್ಯವೇ.

ವಿಷಯ ಕಿರಿದಾಗಲಿ

"ಕೊಡಗಿನ ಇತಿಹಾಸ" ಒಂದು ಪ್ರಬಂಧದ ವಿಷಯವಾಗಲಾರದು, "ಕೊಡಗಿನ ಕಾಫಿ" ಕೂಡ ಅಲ್ಲ. ಎಂಎಯ ದೀರ್ಘ ಪ್ರಬಂಧದ 12,000ದಿಂದ 15,000 ಪದಗಳಲ್ಲಿ ಹಿಡಿಸುವುದು ಒಂದು ಪ್ರಶ್ನೆ, ಹತ್ತಿಪ್ಪತ್ತು ವರ್ಷದ ಅವಧಿ, ಕೈಗೆ ಸಿಗುವ ಒಂದು ದಾಖಲೆ ಗುಚ್ಛ. ದೇವರಕಾಡುಗಳ ಬಗ್ಗೆ ಅರಣ್ಯ ಇಲಾಖೆಯ ಒಂದು ದಶಕದ ಪತ್ರವ್ಯವಹಾರವಾಗಬಹುದು, ಜಮ್ಮಾ ಹಿಡುವಳಿಗೆ ಸಿಕ್ಕ ಬಂದೂಕು ವಿನಾಯಿತಿಯ ಚರ್ಚೆಯಾಗಬಹುದು. ಪಿಎಚ್‌ಡಿಯಾದರೆ 80,000ದಿಂದ 1,00,000 ಪದ, ಮೂರರಿಂದ ನಾಲ್ಕು ವರ್ಷ. ಮೊದಲ ವರ್ಷದ ಕೊನೆಗೆ "ಅಪ್‌ಗ್ರೇಡ್" ಎಂಬ ಪರೀಕ್ಷೆ ದಾಟಬೇಕು. ಪಿಎಚ್‌ಡಿಗೆ ಅರ್ಜಿ ಹಾಕುವ ಮೊದಲೇ ಮಾರ್ಗದರ್ಶಕರಿಗೆ ಒಂದು ಪುಟದ ಯೋಜನೆ ಕಳಿಸಿ ಮಾತಾಡಿಕೊಳ್ಳಬೇಕು. ವಿಷಯಕ್ಕೆ ಹೊಂದುವ ಮಾರ್ಗದರ್ಶಕರಿಲ್ಲದ ಕಡೆ ಎಷ್ಟು ಒಳ್ಳೆಯ ಅರ್ಜಿಯೂ ತಿರಸ್ಕೃತವಾಗುತ್ತದೆ.

ಯಾವ ಕಡತ ಎಲ್ಲಿದೆ

ಹೆಚ್ಚು ದಿನ ಹಾಳಾಗುವುದು ಇಲ್ಲೇ. ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ ಕಚೇರಿಯ ಕಾಗದಗಳಾದ ಇಂಡಿಯಾ ಆಫೀಸ್ ದಾಖಲೆಗಳು (ಐಒಆರ್) ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿಲ್ಲ, ಸೇಂಟ್ ಪ್ಯಾಂಕ್ರಾಸ್‌ನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅಲ್ಲಿನ ಏಷ್ಯಾ ಮತ್ತು ಆಫ್ರಿಕಾ ಅಧ್ಯಯನ ವಾಚನಾಲಯಕ್ಕೆ ಹೋಗಬೇಕು. ಕಂಪನಿ ಕಾಲದ ಕೊಡಗಿಗೆ ಮೊದಲು ನೋಡಬೇಕಾದದ್ದು 1858ರವರೆಗಿನ "ಬೋರ್ಡ್ಸ್ ಕಲೆಕ್ಷನ್ಸ್", ಗುರುತು ಐಒಆರ್/ಎಫ್/4. ಒಂದು ವಿಷಯದ ಮೇಲೆ ಭಾರತದಿಂದ ಬಂದ ಪತ್ರಗಳನ್ನೆಲ್ಲ ಅದರಲ್ಲಿ ಒಂದೇ ಕಡೆ ಹೊಲಿದಿಟ್ಟಿದ್ದಾರೆ.

1834ರ ಯುದ್ಧದ ಮೇಲೆ ಕೆಲಸ ಮಾಡುವವರಿಗೆ ಎರಡೂ ಕಟ್ಟಡ ಬೇಕು. ಅದರಲ್ಲಿ ಹೋರಾಡಿದ 55ನೇ ರೆಜಿಮೆಂಟ್ ಬ್ರಿಟಿಷ್ ದೊರೆಯ ಸೈನ್ಯದ್ದು, ಹಾಗಾಗಿ ಅದರ ದಾಖಲೆ ಕ್ಯೂನಲ್ಲಿ. ಮದ್ರಾಸ್ ಪದಾತಿದಳ ಕಂಪನಿಯದ್ದು, ಅದರದು ಬ್ರಿಟಿಷ್ ಲೈಬ್ರರಿಯಲ್ಲಿ. ಚಿಕ್ಕವೀರರಾಜೇಂದ್ರನ ವಿಷಯವೂ ಹಾಗೆಯೇ. 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ ಆತ ತನ್ನ ಹಣಕ್ಕಾಗಿ ಕಂಪನಿಯ ಮೇಲೆ ಚಾನ್ಸರಿ ನ್ಯಾಯಾಲಯದಲ್ಲಿ ದಾವೆ ಹೂಡಿದ. 1859ರಲ್ಲಿ ಅಲ್ಲೇ ತೀರಿಕೊಂಡ. ಚಾನ್ಸರಿ ಕಡತಗಳು ಕ್ಯೂನಲ್ಲಿವೆ, ಕಂಪನಿಯ ಒಳಗಿನ ಟಿಪ್ಪಣಿಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಾಗಲೇ ಆ ಮೊಕದ್ದಮೆಯ ಪೂರ್ತಿ ಚಿತ್ರ ಸಿಗುತ್ತದೆ. ಬರೇ ಒಂದು ಕಡೆ ನೋಡಿ ಬರೆದರೆ ಪರೀಕ್ಷಕರು ಮೊದಲು ಕೇಳುವುದೇ ಇನ್ನೊಂದರ ಬಗ್ಗೆ.

ಕ್ಯಾಟಲಾಗಿನಲ್ಲಿ "ಕೊಡಗು" ಎಂದು ಹುಡುಕಿದರೆ ಬಹುತೇಕ ಏನೂ ಸಿಗದು. ಕೂರ್ಗ್, ಕುರ್ಗ್, ಮಡಿಕೇರಿಗೆ ಮರ್ಕೆರಾ, ಕುಶಾಲನಗರಕ್ಕೆ ಫ್ರೇಜರ್‌ಪೇಟ್, ಹೀಗೆ ಹಳೆಯ ಇಂಗ್ಲಿಷ್ ಕಾಗುಣಿತಗಳಲ್ಲೆಲ್ಲ ಹುಡುಕಿ. 1881ರಿಂದ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಆಗಿದ್ದರಿಂದ ಆಮೇಲಿನ ಕಾಗದಗಳನ್ನು ಮೈಸೂರು ರೆಸಿಡೆನ್ಸಿ ಹೆಸರಿನಲ್ಲೂ ನೋಡಬೇಕು. 2023ರ ಅಕ್ಟೋಬರಿನ ಸೈಬರ್ ದಾಳಿಯ ನಂತರ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಸೇವೆಗಳು ಬಹುಕಾಲ ಅಸ್ತವ್ಯಸ್ತವಾಗಿದ್ದವು. ಹಳೆಯ ಲಿಂಕ್ ನಂಬದೆ ಕಡತದ ಸಂಖ್ಯೆ ಬರೆದುಕೊಂಡು ಮೊದಲೇ ಇಮೇಲಿನಲ್ಲಿ ವಿಚಾರಿಸಿ.

ಎರಡೂ ಕಡೆ ವಾಚಕರ ಪಾಸ್ ಉಚಿತ. ವಿಳಾಸದ ಪುರಾವೆ ಕೇಳುತ್ತಾರೆ, ಹಾಗಾಗಿ ಬ್ರಿಟನ್ನಿನ ಬ್ಯಾಂಕ್ ಖಾತೆ ಅಥವಾ ಬಾಡಿಗೆ ಕರಾರು ಕೈಗೆ ಬಂದ ಮೇಲೆ ಹೋಗುವುದು ಸುಲಭ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಬಹುಪಾಲು ಕಡತಗಳನ್ನು ಫೋನಿನಲ್ಲಿ ಫೋಟೊ ತೆಗೆಯಬಹುದು. ಪ್ರತಿ ಕಡತದ ಮೊದಲ ಫೋಟೊದಲ್ಲಿ ಸಂಖ್ಯೆಯ ಚೀಟಿ ಇರಲಿ, ಆಮೇಲಿನ ಪ್ರತಿ ಫೋಟೊದಲ್ಲಿ ಪುಟಸಂಖ್ಯೆ ಕಾಣಲಿ. ಇದನ್ನು ಮರೆತರೆ ಜುಲೈಯಲ್ಲಿ ಅಡಿಟಿಪ್ಪಣಿ ಬರೆಯಲು ಕೂತಾಗ ಯಾವ ಪುಟ ಯಾವ ಕಡತದ್ದೆಂದು ತಿಳಿಯದೆ ಮತ್ತೆ ಲಂಡನ್ನಿಗೆ ಓಡಬೇಕಾಗುತ್ತದೆ.

ಮಿಷನರಿಗಳ ಬಗ್ಗೆ ಬರೆಯುವವರಿಗೆ ಲಂಡನ್ ಸಾಲದು. ಕೊಡಗಿನಲ್ಲಿ ಕೆಲಸ ಮಾಡಿದ ಹರ್ಮನ್ ಮೋಗ್ಲಿಂಗರ ಬಾಸೆಲ್ ಮಿಷನ್ ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಅವು ಹಳೆಯ ಜರ್ಮನ್ ಕೈಬರಹದಲ್ಲಿರುವುದರಿಂದ ಜರ್ಮನ್ ಓದಬಲ್ಲವರಿಗೂ ಆ ಲಿಪಿಯನ್ನು ಬೇರೆಯಾಗಿ ಕಲಿಯದೆ ದಕ್ಕುವುದಿಲ್ಲ.

ಐನ್‌ಮನೆಯ ಹಿರಿಯರನ್ನು ಮಾತಾಡಿಸುವ ಯೋಜನೆ ಇದ್ದರೆ ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೆ ಕೆಲವು ವಾರ ಹಿಡಿಯುತ್ತದೆ. ಒಪ್ಪಿಗೆಗೆ ಮುಂಚೆ ಮಾಡಿದ ಧ್ವನಿಮುದ್ರಣವನ್ನು ಪ್ರಬಂಧದಲ್ಲಿ ಬಳಸಲು ಬಿಡುವುದಿಲ್ಲ. ಪುತ್ತರಿಗೆ ಊರಿಗೆ ಬಂದು ಎಲ್ಲರೂ ಸೇರಿದಾಗ ಮಾತಾಡಿಸೋಣ ಎಂದುಕೊಂಡವರು ಅಕ್ಟೋಬರಿನ ಆರಂಭದಲ್ಲೇ ಅರ್ಜಿ ಕೊಡಬೇಕು. ಸಮ್ಮತಿ ಪತ್ರವನ್ನು ಕನ್ನಡದಲ್ಲೂ ಬರೆದು ಜೊತೆಗೆ ಲಗತ್ತಿಸಿ. ಹಿರಿಯರಿಗೆ ಓದಲಾಗದ ಕಾಗದಕ್ಕೆ ಸಹಿ ಹಾಕಿಸುವುದು ಸರಿಯಲ್ಲ, ಸಮಿತಿಯೂ ಅದನ್ನೇ ಕೇಳುತ್ತದೆ.

ಕಾಗದಪತ್ರ, ಹೆಸರು, ಹಣ

ಕೊಡಗಿನವರಿಗೆ ಹೆಸರಿನ ತೊಡಕು ಹೆಚ್ಚು. ಅಂಕಪಟ್ಟಿಯಲ್ಲಿ ಮನೆಹೆಸರು ಇನಿಶಿಯಲ್ ಆಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಬರೆದಿರುತ್ತದೆ ಅಥವಾ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಅರ್ಜಿಯಿಂದ ವೀಸಾವರೆಗೆ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಅಕ್ಷರ ಬಿಡದೆ ಬರೆಯಿರಿ. ಎರಡೂ ಹೆಸರು ಒಬ್ಬರದೇ ಎನ್ನುವ ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ನಿಮ್ಮ ಪದವಿ ಮಂಗಳೂರು ವಿಶ್ವವಿದ್ಯಾಲಯದ್ದೋ ಕೊಡಗು ವಿಶ್ವವಿದ್ಯಾಲಯದ್ದೋ ಎಂಬುದು ನೀವು ಕಾಲೇಜು ಸೇರಿದ ವರ್ಷದ ಮೇಲೆ ನಿಂತಿದೆ. ಟ್ರಾನ್ಸ್‌ಕ್ರಿಪ್ಟಿಗೆ ಕಾಫಿ ಕುಯ್ಲು ಶುರುವಾಗುವ ಮೊದಲೇ ಅರ್ಜಿ ಹಾಕಿ.

ಹಣದ ಪುರಾವೆಯ ನಿಯಮ ಕಟ್ಟುನಿಟ್ಟು. 2025ರ ನವೆಂಬರ್‌ನಿಂದ ಲಂಡನ್ನಿನಲ್ಲಿ ಓದುವವರು ಖರ್ಚಿಗೆ ತಿಂಗಳಿಗೆ 1,529 ಪೌಂಡ್, ಹೊರಗಾದರೆ 1,171 ಪೌಂಡ್ ಲೆಕ್ಕದಲ್ಲಿ ಗರಿಷ್ಠ ಒಂಬತ್ತು ತಿಂಗಳದ್ದನ್ನು ತೋರಿಸಬೇಕು. ಲಂಡನ್ನಿಗೆ ಅದು 13,761 ಪೌಂಡ್, ಮೇಲೆ ಇನ್ನೂ ಕಟ್ಟದ ಶುಲ್ಕ. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಮೊತ್ತವನ್ನು ಸರ್ಕಾರಿ ಜಾಲತಾಣದಲ್ಲಿ ನೋಡಿಕೊಳ್ಳಿ. ಹಣ ಸತತ 28 ದಿನ ಖಾತೆಯಲ್ಲಿರಬೇಕು, ಒಂದೇ ದಿನ ಕಡಿಮೆಯಾದರೂ ವೀಸಾ ತಿರಸ್ಕಾರವಾಗುತ್ತದೆ. ತೋಟ, ಚಿನ್ನ, ಗೋದಾಮಿನಲ್ಲಿರುವ ಕಾಫಿ, ಕರಿಮೆಣಸು ಯಾವುದೂ ಲೆಕ್ಕಕ್ಕಿಲ್ಲ. ಬೆಲೆ ಏರಲೆಂದು ಫಸಲು ಇಟ್ಟುಕೊಂಡ ಮನೆಯವರು ಮೇ ಕೊನೆಯೊಳಗೆ ಮಾರಿ ಹಣ ಬ್ಯಾಂಕಿಗೆ ತರುವುದು ಕ್ಷೇಮ. ಜಮೀನಿನ ಮೇಲೆ ಶಿಕ್ಷಣ ಸಾಲ ಕೇಳುವವರು ಪಹಣಿ ಮೊದಲು ನೋಡಿಕೊಳ್ಳಿ. ಜಮ್ಮಾ ಜಾಗದ ಪಹಣಿಯಲ್ಲಿ ಒಕ್ಕದ ಹಲವರ ಹೆಸರಿದ್ದರೆ ಬ್ಯಾಂಕು ಅವರೆಲ್ಲರ ಸಹಿ ಕೇಳುತ್ತದೆ, ಅದಕ್ಕೆ ತಿಂಗಳುಗಳೇ ಬೇಕು.

ವಿದ್ಯಾರ್ಥಿವೇತನಗಳಲ್ಲಿ ಇತಿಹಾಸದವರು ಮೊದಲು ನೋಡಬೇಕಾದವು ಚೆವನಿಂಗ್, ಕಾಮನ್‌ವೆಲ್ತ್ ಮತ್ತು ಫೆಲಿಕ್ಸ್. ಚೆವನಿಂಗಿಗೆ 2,800 ಗಂಟೆಯ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಿಂದ ಭಾರತದ ಇತಿಹಾಸ, ಸಂಸ್ಕೃತಿಯ ವಿಷಯಗಳನ್ನು 2022ರ ಮಾರ್ಗಸೂಚಿಯಲ್ಲಿ ಹೊರಗಿಟ್ಟರು. ತಮ್ಮ ಸಮುದಾಯದ ಇತಿಹಾಸವನ್ನು ತಾವೇ ಬರೆಯಬೇಕಾದ ಮಕ್ಕಳಿಗೆ ಇದರಿಂದ ಆಗಿರುವ ನಷ್ಟ ದೊಡ್ಡದು. ಅರ್ಜಿ ಹಾಕುವ ಮೊದಲು ಆ ವರ್ಷದ ಮಾರ್ಗಸೂಚಿ ಓದಿ.

ಮಳೆಗಾಲದಲ್ಲಿ ವೀಸಾ

ಸೀಟು ಖಚಿತವೆಂದು ವಿಶ್ವವಿದ್ಯಾಲಯ ಕೊಡುವ ಸಿಎಎಸ್ ಸಂಖ್ಯೆ ಬಾರದೆ ವೀಸಾ ಅರ್ಜಿ ಹಾಕಲಾಗದು. ಅದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್ ನಡುವೆ ಬರುತ್ತದೆ, ಅಂದರೆ ಇಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಹೊತ್ತಿಗೆ. ಕ್ಷಯರೋಗ ತಪಾಸಣೆಗೂ ಬೆರಳಚ್ಚಿಗೂ ಬೆಂಗಳೂರಿಗೆ ಹೋಗಬೇಕು. ತಪಾಸಣೆಯ ಪತ್ರ ಆರು ತಿಂಗಳು ನಡೆಯುವುದರಿಂದ ಅದನ್ನು ಮೇ ತಿಂಗಳಲ್ಲೇ ಮುಗಿಸಿಬಿಡಿ. ಉಳಿದದ್ದಕ್ಕೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೆಂಟರ ಮನೆಯಲ್ಲಿ ಒಂದು ವಾರ ನಿಂತು ಕೆಲಸ ಮುಗಿಸುವುದು, ಗುಡ್ಡ ಜರಿದ ದಾರಿ ತೆರೆಯಲೆಂದು ಕಾಯುವುದಕ್ಕಿಂತ ಮೇಲು. ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್. ಹನ್ನೆರಡು ತಿಂಗಳ ಎಂಎಗೆ ವೀಸಾ ಹೆಚ್ಚು ತಿಂಗಳು ಇರುವುದರಿಂದ ಒಂದೂವರೆ ವರ್ಷದ 1,164 ಪೌಂಡ್ ಕಟ್ಟಬೇಕಾಗುತ್ತದೆ. 2024ರ ಜನವರಿಯಿಂದ ಬೋಧನಾ ಎಂಎಗೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಅವಲಂಬಿತರಾಗಿ ಕರೆತರುವಂತಿಲ್ಲ, ಪಿಎಚ್‌ಡಿಯವರು ಕರೆತರಬಹುದು.

ಓದಿದ ಮೇಲೆ ಕೆಲಸ ಹುಡುಕಲು ಇರುವ ಗ್ರಾಜುಯೇಟ್ ವೀಸಾ ಎಂಎಯವರಿಗೆ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು, ಪಿಎಚ್‌ಡಿಯವರಿಗೆ ಮೂರು ವರ್ಷವೇ ಉಳಿದಿದೆ. ಈ ಅರ್ಜಿಯನ್ನು ಬ್ರಿಟನ್ನಿನೊಳಗಿಂದ, ವಿದ್ಯಾರ್ಥಿ ವೀಸಾ ಮುಗಿಯುವ ಮೊದಲು, ನೀವು ಪಾಸಾದ ವಿಷಯವನ್ನು ವಿಶ್ವವಿದ್ಯಾಲಯ ಗೃಹ ಇಲಾಖೆಗೆ ತಿಳಿಸಿದ ಮೇಲೆಯೇ ಹಾಕಬೇಕು. ಪ್ರಬಂಧ ಒಪ್ಪಿಸಿದ ಖುಷಿಯಲ್ಲಿ ಊರಿಗೆ ಬರುವವರು ಫಲಿತಾಂಶದ ದಿನಾಂಕ ಮತ್ತು ವೀಸಾದ ಕೊನೆಯ ದಿನಾಂಕ ಎರಡನ್ನೂ ಬರೆದಿಟ್ಟುಕೊಂಡು, ನಡುವೆ ಮರಳಿ ಹೋಗುವ ಟಿಕೆಟ್ ಮಾಡಿಸಿಕೊಂಡೇ ಹೊರಡಿ.