ಮಳೆ ಸುರಿಯುವ ಹಿತ್ತಿಲಲ್ಲಿ ಹವಾಯಿಯ ಹಳದಿ ದಾಸವಾಳ

ಹವಾಯಿಯ ಈ ಹಳದಿ ದಾಸವಾಳಕ್ಕೆ ಇಲ್ಲಿ ಮಾವೊ ಹೌ ಹೆಲೆ ಅಂತಾರೆ, ಅದು ಒಣ ಬೆಟ್ಟದ ಗಿಡ. ನಮ್ಮ ಮನೆ ಓವಾಹು ದ್ವೀಪದಲ್ಲಿ ಮಳೆ ಜಾಸ್ತಿ ಬೀಳುವ ಕಡೆ. "ಸುಮ್ನೆ ದುಡ್ಡು ಹಾಳು ಮಾಡ್ತೀರಿ" ಎಂದು ಇಲ್ಲಿನ ಗಿಡದ ಗೆಳೆಯರೆಲ್ಲ ನಕ್ಕಿದ್ದರು. ಈಗ ಗಿಡ ನನಗಿಂತ ಎತ್ತರವಾಗಿದೆ.

ಶಿರಸಿಯಿಂದ ಅಮ್ಮ ಫೋನಿನಲ್ಲಿ, "ದಾಸವಾಳಕ್ಕೆ ಇಷ್ಟು ಒದ್ದಾಟ ಎಂತಕ್ಕೆ? ಕಡ್ಡಿ ಚುಚ್ಚಿದ್ರೆ ಬರ್ತದಲ್ಲ" ಎಂದಳು. ಚುಚ್ಚಿದ್ದೆ. ಒಂದೊಂದಾಗಿ ಬುಡದಿಂದ ಕಪ್ಪಾಗಿ ಕೊಳೆತವು. ಕಾಡಿನ ಗಿಡ ಮುಟ್ಟುವ ಹಾಗಿಲ್ಲ, 1994ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಅನುಮತಿ ಇರುವ ನರ್ಸರಿಯಿಂದಲೇ ತರಬೇಕು. ಸಣ್ಣ ಗಿಡಕ್ಕೇ ಇಪ್ಪತ್ತು ಡಾಲರ್ ಆಸುಪಾಸು. ಮಣ್ಣಿಗೆ ನೆಟ್ಟವೆಲ್ಲ ಚಳಿಗಾಲದ ಮಳೆಗೆ ಬೇರು ಕೊಳೆತು ಹೋದವು. ಮುನ್ನೂರು ಡಾಲರಿನ ಮೇಲೇ ಕೈ ಬಿಟ್ಟಿತು, ಮನೆಯವಳಿಗೆ ಹೇಳಿದ್ದು ಅದರ ಅರ್ಧ.

ಸಾಯುವ ಮುಂಚೆ ಒಂದು ಗಿಡ ಕಾಯಿ ಕಟ್ಟಿತ್ತು. ಆ ಬೀಜದಿಂದ ದಾರಿ ಸಿಕ್ಕಿತು. ಉಗುರು ಕತ್ತರಿಯಿಂದ ಸಿಪ್ಪೆ ಚೂರೇ ಚೂರು ಕತ್ತರಿಸಿ, ರಾತ್ರಿ ನೀರಲ್ಲಿಟ್ಟೆ. ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಬಿತ್ತಿದೆ. ನೆಲದಲ್ಲಿ ನೆಡದೆ ಮೊಣಕಾಲೆತ್ತರದ ದಿಬ್ಬ ಮಾಡಿದೆ. ಮುಕ್ಕಾಲು ಪಾಲು ಸಿಂಡರ್, ಅದೇ ಜ್ವಾಲಾಮುಖಿಯ ಹಗುರ ಕಲ್ಲು. ಉಳಿದದ್ದು ಗೊಬ್ಬರ, ಜೊತೆಗೆ ಇನ್ನೊಂದು ವಸ್ತು. ಅದನ್ನು ಸದ್ಯಕ್ಕೆ ಹೇಳುವುದಿಲ್ಲ. ಎಂಥ ಮಳೆ ಬಂದರೂ ನೀರು ನಿಲ್ಲದೆ ಇಳಿದು ಹೋಗುತ್ತದೆ.

ಇನ್ನೊಂದು ಕಾಟ ರೋಸ್ ಬೀಟಲ್ ಎಂಬ ಎಲೆ ತಿನ್ನುವ ಹುಳ. ಸೂರ್ಯ ಮುಳುಗಿ ಅರ್ಧ ಗಂಟೆಗೆ ಹಾಜರು, ಬೆಳಗಾಗುವಷ್ಟರಲ್ಲಿ ಎಲೆಗಳೆಲ್ಲ ಜರಡಿ. ಔಷಧಿ ಹೊಡೆದು ಸುಸ್ತಾಯಿತು. ಕೊನೆಗೆ ಗಿಡದ ಪಕ್ಕ ಹತ್ತು ಡಾಲರಿನ ಸೋಲಾರ್ ದೀಪ ಹುಗಿದೆ. ಈ ಹುಳಕ್ಕೆ ಬೆಳಕು ಆಗುವುದಿಲ್ಲ. ಹೊಸ ಚಿಗುರು ಉಳಿಯತೊಡಗಿತು.

ಮಧ್ಯೆ ಬಿಳಿ ದಾಸವಾಳದ ಹುಚ್ಚೂ ಹಿಡಿಯಿತು. ಇಲ್ಲಿ ಅದರ ಹೆಸರು ಕೋಕಿಓ ಕೆಓಕೆಓ. ಬಿಳಿ ಎಸಳು, ಮಧ್ಯೆ ಕೆಂಪು ಕಡ್ಡಿ, ಪರಿಮಳ ಬೇರೆ! ದಾಸವಾಳಕ್ಕೆ ಪರಿಮಳ ಅಂದರೆ ಊರಲ್ಲಿ ಯಾರೂ ನಂಬಲ್ಲ. ಗೂಟಿ ಕಟ್ಟಿದರೆ, ಅಂದರೆ ಗಿಡದಲ್ಲಿರುವ ಕೊಂಬೆಯ ಸಿಪ್ಪೆ ಸುಲಿದು ಅಲ್ಲಿ ಒದ್ದೆಯಾಗಿ ಸುತ್ತಿದರೆ, ಸುಲಭವಾಗಿ ಬೇರು ಬಿಡುತ್ತದೆ. ಅದಕ್ಕೆ ನಮ್ಮ ಕೆಂಪು ದಾಸವಾಳದ ಪರಾಗ ಮುಟ್ಟಿಸಿದ್ದೇನೆ, ಸಸಿ ಬಂದಿವೆ, ಹೂವು ಇನ್ನೂ ಇಲ್ಲ. ಎಲೆಯ ಗೊಂಪು ಮಾಡಿ ತಲೆಗೂ ಹಚ್ಚಿ ನೋಡಿದೆ. ಊರಿನದೇ ವಾಸಿ.

ಹಳದಿ ಗಿಡದಲ್ಲಿ ಮೊದಲ ಹೂವು ಅಂಗೈ ಅಗಲ, ನಡುವೆ ಕಡುಗೆಂಪು. ಅರಳಿದ್ದು ಮಧ್ಯಾಹ್ನ ಊಟ ಆದ ಮೇಲೆ. ಹಾಗಾಗಿ ಬೆಳಗಿನ ಪೂಜೆಗಂತೂ ಉಪಯೋಗವಿಲ್ಲ.

ಕಾಯಿ ಒಣಗಿದ ಮೇಲೆ ಕೊಂಬೆಗಳನ್ನು ಧೈರ್ಯವಾಗಿ ಕತ್ತರಿಸುತ್ತೇನೆ. ಎಷ್ಟು ಎನ್ನುವುದು ನನ್ನ ಲೆಕ್ಕ, ಇರಲಿ ಬಿಡಿ. ಮುಂದಿನ ಸಲ ದಿಬ್ಬ ಸ್ವಲ್ಪ ತಗ್ಗಿಸಿ ನೋಡಬೇಕು. ಸಿಂಡರ್ ಮೂಟೆ ಈಗ ತುಟ್ಟಿಯಾಗಿದೆ.